ಮನೆಮಾತು: ಏಳು ಚಿತ್ರಗಳೂ ಒಂದು ಬರಿದಾದ ಸ್ಥಾನವೂ

ಕಳೆದ ತಿಂಗಳಿನ ಒಂದು ಭಾನುವಾರ ಸಾಯಂಕಾಲ ನಾವು ಜಗುಲಿಯ ಮೇಲೆ ಕುಳಿತು ವಾಚಕರ ಕಾಗದಗಳನ್ನು ನೋಡುತ್ತಿದ್ದ ಸಮಯದಲ್ಲಿ, ತುಮಕೂರಿನ ನಾಲ್ವರು ತರುಣರು ನಮ್ಮನ್ನು ಕಾಣಲು ಬಂದರು. ಇಬ್ಬರು ಉಪಾಧ್ಯಾಯರು, ಒಬ್ಬನು ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬಂದು ಕಂಪ್ಯೂಟರಿನ ಕೆಲಸ ಮಾಡತಕ್ಕವನು, ನಾಲ್ಕನೆಯವಳು ಬ್ಯಾಂಕಿನಲ್ಲಿರುವ ಹೆಣ್ಣುಮಗಳು. ನಾಲ್ವರಿಗೂ ಒಂದೇ ಹುಚ್ಚು. ತಮ್ಮ ಸೀಮೆಯಲ್ಲಿ, ಯಾವ ಸರ್ಕಾರದ ಹಂಗೂ ಯಾವ ದೊಡ್ಡ ಸಂಸ್ಥೆಯ ಆಶ್ರಯವೂ ಇಲ್ಲದೆ, ತಾವೇ ಚಂದಾ ಎತ್ತಿ ಮೂರು ದಿನಗಳ ಚಲಚ್ಚಿತ್ರೋತ್ಸವವೊಂದನ್ನು ನಡೆಸಬೇಕೆಂಬುದು ಅವರ ಸಂಕಲ್ಪ. ಶುಕ್ರವಾರ ಗುಬ್ಬಿ, ಶನಿವಾರ ತುಮಕೂರು, ಭಾನುವಾರ ಕುಣಿಗಲು. ತೋರಿಸಬೇಕಾದ ಚಿತ್ರಗಳ ಪಟ್ಟಿಯನ್ನು ಬರೆದು ತಂದಿದ್ದರು. “ಸಾರ್, ಇದನ್ನು ಒಂದು ಸಲ ನೋಡಿ, ಯಾವುದನ್ನು ಯಾವಾಗ ಹಾಕಬೇಕೆಂಬುದನ್ನು ಹೇಳಬೇಕು” ಎಂದು ಕೇಳಿಕೊಂಡರು.

ಪಟ್ಟಿಯಲ್ಲಿ ಹನ್ನೊಂದು ಚಿತ್ರಗಳಿದ್ದುವು. ಅವುಗಳಲ್ಲಿ ಒಂಬತ್ತು ಪರದೇಶದವು. ಸ್ವೀಡನ್, ರಷ್ಯಾ, ಜಪಾನ್, ಇರಾನ್ ಎಂದು ಭೂಗೋಳವೇ ಅಲ್ಲಿತ್ತು. ಎಲ್ಲವೂ ಉತ್ತಮವಾದವುಗಳೇ, ಅದರಲ್ಲಿ ನಮಗೆ ತಕರಾರಿಲ್ಲ. ಕನ್ನಡದವು ಎರಡೇ ಎರಡು. ಆ ಎರಡನ್ನೂ ರಾತ್ರಿ ಹತ್ತು ಗಂಟೆಗೆ ಇಟ್ಟಿದ್ದರು. ಹಾಗೇಕೆಂದು ಕೇಳಿದುದಕ್ಕೆ, “ಕನ್ನಡದ್ದಾದರೆ ಜನ ಹೇಗೂ ನೋಡಿರುತ್ತಾರೆ ಸಾರ್” ಎಂಬ ಉತ್ತರ ಬಂದಿತು. ಆ ಎರಡರಲ್ಲಿ ಒಂದು ‘ಚೋಮನ ದುಡಿ’. ಅದನ್ನು ನೋಡಿದವರು ತಮ್ಮ ತಮ್ಮ ಮನೆಗಳಲ್ಲಿ ಎಷ್ಟು ಮಂದಿ ಇರುವರೆಂದು ನಾವು ವಿಚಾರಿಸಿದೆವು. ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಈ ವೇಳೆಗೆ ನಮ್ಮ ಮನೆಯಾಕೆ ಕಾಫಿಯ ತಟ್ಟೆಯೊಡನೆ ಬಂದು, ನಮ್ಮ ಭುಜದ ಮೇಲಿಂದ ಪಟ್ಟಿಯನ್ನು ಓದಿ, ಒಂದೇ ಒಂದು ಪ್ರಶ್ನೆಯನ್ನು ಹಾಕಿದಳು. “ಎಲ್ಲ ಚೆನ್ನಾಗಿದೆಯಪ್ಪ. ಆದರೆ ಏಳು ಗಂಟೆಗೆ ಒಂದು, ಹತ್ತು ಗಂಟೆಗೆ ಒಂದು ಅಂತ ಇಟ್ಟಿದ್ದೀರಲ್ಲ, ಮನೆಯಲ್ಲಿ ಮುದ್ದೆ ತೊಳಸುವವರು ಯಾರು?” ತರುಣರು ನಕ್ಕರು. ಬ್ಯಾಂಕಿನ ಹೆಣ್ಣುಮಗಳು ಮಾತ್ರ ನಗಲಿಲ್ಲ. ಕಿಸೆಯಿಂದ ಪೆನ್ನನ್ನು ತೆಗೆದು ಆ ಎರಡು ವೇಳೆಗಳ ಸುತ್ತಲೂ ಗೀಟೆಳೆದಳು. ಅಲ್ಲಿಂದ ನಿಜವಾದ ಮಾತು ಆರಂಭವಾಯಿತು.

ಚಿತ್ರಗಳನ್ನು ಆರಿಸುವುದು ಒಂದು ವಿದ್ಯೆ. ಆರಿಸಿದವುಗಳನ್ನು ಅನುಕ್ರಮದಲ್ಲಿ ಇಡುವುದು ಇನ್ನೊಂದು ವಿದ್ಯೆ. ಮದುವೆಯ ಊಟದಲ್ಲಿ ಮೊದಲೇ ಮಜ್ಜಿಗೆಯನ್ನು ಬಡಿಸಿದರೆ ಅಡಿಗೆಯವರ ಶ್ರಮವೆಲ್ಲ ವ್ಯರ್ಥವಾಗುವುದು. ನಮಗೆ ಈ ಬುದ್ಧಿ ಬಂದುದು ಪೆಟ್ಟು ತಿಂದಮೇಲೆ. ಬಹಳ ವರ್ಷಗಳ ಹಿಂದೆ ನಾವೂ ಕೆಲವು ಮಿತ್ರರೂ ಸೇರಿ ಒಂದು ಹಳ್ಳಿಯ ಶಾಲೆಯ ಬಯಲಿನಲ್ಲಿ ಚಿತ್ರಪ್ರದರ್ಶನವೊಂದನ್ನು ಏರ್ಪಡಿಸಿದ್ದೆವು. ಆಗ ಚಿತ್ರಗಳು ತಗಡಿನ ಡಬ್ಬಿಗಳಲ್ಲಿ ಸುರುಳಿಗಳಾಗಿ ಬಸ್ಸಿನ ಮೇಲೆ ಬರುತ್ತಿದ್ದುವು. ಮೊದಲು ನಾವು ಕಲೆಯ ವಿಷಯವಾಗಿ ಮುಕ್ಕಾಲು ಗಂಟೆ ಭಾಷಣ ಮಾಡಿದೆವು. ಕೂಸುಗಳು ಅತ್ತುವು, ಮುದುಕರು ಎದ್ದರು. ಆಮೇಲೆ ಚಿತ್ರ ಆರಂಭವಾಗಿ ಜನರು ಅದರಲ್ಲಿ ಲೀನರಾಗಿರುವಾಗ, ಕೊನೆಯ ಡಬ್ಬಿಯೇ ಬಂದಿಲ್ಲವೆಂಬುದು ತಿಳಿಯಿತು. ಅದು ಯಾವ ಊರಿನಲ್ಲಿ ಇಳಿದುಹೋಯಿತೋ ದೇವರೇ ಬಲ್ಲ. ಬೆಳಕು ಹಾಕಿ, ಜನರ ಮುಂದೆ ನಿಂತು, ಉಳಿದ ಕಥೆಯನ್ನು ನಾವು ಬಾಯಲ್ಲಿ ಹೇಳಿದೆವು. ಕೆಟ್ಟದಾಗಿ ಹೇಳಿದೆವೆಂದೇ ಕಾಣುತ್ತದೆ. ಏಕೆಂದರೆ ಎರಡು ತಿಂಗಳಾದ ಮೇಲೆ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಒಬ್ಬ ಹೆಂಗಸು ನಮ್ಮನ್ನು ಗುರುತುಹಿಡಿದು, “ಅಲ್ಲ ಸ್ವಾಮಿ, ಆ ಹುಡುಗ ಕೊನೀಗೆ ಊರಿಗೆ ಬಂದ್ನಾ ಇಲ್ವಾ?” ಎಂದು ಕೇಳಿದಳು. ಅವನು ಬಂದನೆಂದು ಹೇಳಿದೆವು. “ನೀವು ಹೇಳಿದ್ದು ನಮಗೆ ನಂಬಿಕೆ ಆಗಲಿಲ್ಲ” ಎಂದು ಆಕೆ ಸೊಪ್ಪಿನ ಕಟ್ಟನ್ನು ನಮ್ಮ ಚೀಲದಲ್ಲಿ ಹಾಕಿದಳು.

ಈ ಕಥೆಯನ್ನು ಕೇಳಿ ತರುಣರು ಮತ್ತೆ ನಕ್ಕರು. ಇಂದು ಡಬ್ಬಿಗಳಿಲ್ಲ, ಇಡೀ ಚಿತ್ರವು ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ ಅಡಗಿ ಬರುವುದು. ಹಾಗಿದ್ದರೂ ಆ ಹೆಂಗಸಿನ ಪ್ರಶ್ನೆಯೇ ಉತ್ಸವದ ಜೀವವೆಂದು ನಮಗೆ ತೋರುವುದು. ಎರಡು ತಿಂಗಳ ಮೇಲೆ ಸಂತೆಯಲ್ಲಿ ನೆನೆದು ಕೇಳುವಂತಹ ಚಿತ್ರವನ್ನು, ಆಕೆ ಬರಬಲ್ಲ ಹೊತ್ತಿನಲ್ಲಿ, ಆಕೆಯ ಮುಂದೆ ಇಡಬೇಕು.

ಆದುದರಿಂದ ಮೊದಲು ಗುಬ್ಬಿಯ ಮಾತು. ತುಮಕೂರಿಗೆ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಈ ಸಣ್ಣ ಪಟ್ಟಣವನ್ನು ಬಿಟ್ಟು ಕನ್ನಡ ಚಲಚ್ಚಿತ್ರದ ಕಥೆಯನ್ನು ಹೇಳುವುದಕ್ಕೇ ಆಗುವುದಿಲ್ಲ. ಊರದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ 1884ರಲ್ಲಿ ಇಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. 1891ರಲ್ಲಿ ಜನಿಸಿದ ವೀರಣ್ಣನವರು ಬಾಲ್ಯದಲ್ಲಿಯೇ ಅದನ್ನು ಸೇರಿ, ಬಣ್ಣ ಹಚ್ಚಿ, 1917ರಲ್ಲಿ ಅದರ ಯಜಮಾನರಾದರು. 1972ರಲ್ಲಿ ಕಾಲವಾಗುವವರೆಗೂ ಗುಬ್ಬಿಯೆಂಬ ಹೆಸರನ್ನು ತಮ್ಮ ಹೆಸರಿನ ಹಿಂದೆ ಹೊತ್ತು ತಿರುಗಿದರು. ರಂಗದ ಮೇಲೆ ಆನೆ ಕುದುರೆಗಳನ್ನು ತಂದು ‘ಕುರುಕ್ಷೇತ್ರ’ವನ್ನು ಆಡಿಸಿದ ವೃತ್ತಾಂತವನ್ನು ನಮ್ಮ ವಾಚಕರ ಮನೆಗಳಲ್ಲಿ ಹಿರಿಯರು ಇಂದಿಗೂ ಹೇಳುವುದುಂಟು. ನಾಟಕದಲ್ಲಿ ದುಡಿದುದನ್ನು ಅವರು ಚಿತ್ರಕ್ಕೆ ಸುರಿದರು. ಮೂಕಚಿತ್ರಗಳ ಕಾಲದಲ್ಲಿಯೇ ‘ಹರಿಮಾಯಾ’ ಮೊದಲಾದವುಗಳಲ್ಲಿ ಕೈಹಾಕಿದರು. 1935ರ ‘ಸದಾರಮೆ’ ವಾಕ್ಚಿತ್ರದಲ್ಲಿ ತಾವೇ ಅಭಿನಯಿಸಿದರು. ಬಳಿಕ ‘ಸುಭದ್ರಾ’, ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’ ಎಂದು ಒಂದಾದಮೇಲೊಂದು ಬಂದುವು. ಮೂರು ದಿನವೂ ತೋರಿಸಬಹುದಾದಷ್ಟು ಸಾಮಗ್ರಿಯು ಈ ಒಂದು ಮನೆತನದ ಶ್ರಮದಲ್ಲಿಯೇ ಇದ್ದಿತು.

ಇದ್ದಿತು ಎಂದೆವು. ಹೋದ ವರ್ಷ ಈ ತರುಣರೇ, ಪಟ್ಟಿಯನ್ನು ಮಾಡುವುದಕ್ಕೆ ಮೊದಲು, ‘ಸದಾರಮೆ’ಯನ್ನು ಗುಬ್ಬಿಯಲ್ಲಿ ತೋರಿಸಬೇಕೆಂಬ ಆಸೆಯಿಂದ ನಾಲ್ಕಾರು ಕಡೆ ವಿಚಾರಿಸಿದರಂತೆ. ಎಲ್ಲಿಯೂ ಪ್ರತಿ ದೊರೆಯಲಿಲ್ಲ. ಕೈಬಿಟ್ಟು, ಬೇಸರದಿಂದಲೇ ಸ್ವೀಡನ್ನಿಗೆ ಹೋದರು. ಇದನ್ನು ಅವರು ಎರಡನೆಯ ಸಲ ಕಾಫಿ ಕುಡಿಯುವಾಗ ಹೇಳಿದರು. ಮೊದಲೇ ಹೇಳಿದ್ದರೆ ನಾವು ಅವರ ಒಂಬತ್ತು ಪರದೇಶದ ಚಿತ್ರಗಳನ್ನು ಕುರಿತು ಅಷ್ಟು ಒರಟಾಗಿ ಮಾತನಾಡುತ್ತಿರಲಿಲ್ಲ.

ಇದು ‘ಸದಾರಮೆ’ಯೊಂದರ ಗತಿಯಲ್ಲ. ಕನ್ನಡದ ಮೊದಲ ವಾಕ್ಚಿತ್ರವೆನಿಸಿದ ‘ಸತಿ ಸುಲೋಚನ’ವು 1934ನೆಯ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯನಾಯಿಡು, ತ್ರಿಪುರಾಂಬ, ನಾಗೇಂದ್ರರಾಯರು ಅದರಲ್ಲಿದ್ದರು, ವೈ. ವಿ. ರಾಯರು ನಿರ್ದೇಶಿಸಿದ್ದರು, ಅದನ್ನು ತೆಗೆದುದು ಕೊಲ್ಲಾಪುರದಲ್ಲಿ. ಇಷ್ಟೆಲ್ಲ ತಿಳಿದಿದೆ, ಚಿತ್ರ ಮಾತ್ರ ಇಲ್ಲ. ನಮ್ಮ ಮೂಕಚಿತ್ರಗಳು ಬಹುಮಟ್ಟಿಗೆ ಎಲ್ಲವೂ ಹೋದುವು. ಅಂದಿನ ಚಿತ್ರಗಳನ್ನು ಮುದ್ರಿಸುತ್ತಿದ್ದುದು ನೈಟ್ರೇಟ್ ಎಂಬ ವಸ್ತುವಿನಿಂದಾದ ಸುರುಳಿಯ ಮೇಲೆ. ಅದು ಸಿಡಿಮದ್ದಿನ ಹತ್ತಿರದ ಬಂಧು. ಒಮ್ಮೆ ಹೊತ್ತಿದರೆ ನೀರಿನಲ್ಲಿ ಅದ್ದಿದರೂ ಆರುವುದಿಲ್ಲ. ಬೆಂಕಿ ತಗಲದಿದ್ದರೂ ಸೆಕೆಯಲ್ಲಿ ತಾನಾಗಿಯೇ ಅಂಟಂಟಾಗಿ, ಕೊನೆಗೆ ಕಂದು ಬಣ್ಣದ ಪುಡಿಯಾಗುವುದು. ಇದೂ ಸಾಲದೆಂಬಂತೆ ಆ ಸುರುಳಿಯ ಮೇಲಣ ಲೇಪದಲ್ಲಿ ಬೆಳ್ಳಿಯ ಅಂಶವಿರುತ್ತಿತ್ತು. ಆಟ ಮುಗಿದ ಚಿತ್ರಕ್ಕೆ ಬೆಲೆ ಬಾರದು. ಬೆಳ್ಳಿಗೆ ಯಾವಾಗಲೂ ಬರುವುದು. ಹಳೆಯ ಚಿತ್ರಗಳನ್ನು ತೂಕಕ್ಕೆ ಮಾರಿ, ಕರಗಿಸಿ, ಬೆಳ್ಳಿಯನ್ನು ತೆಗೆದುಕೊಂಡ ಉದಾಹರಣೆಗಳು ನಮ್ಮ ದೇಶದಲ್ಲಿಯೂ ಇವೆ, ಹೊರಗೂ ಇವೆ. ಅಜ್ಜಿಯ ಕಾಲದ ಜರಿಯ ಸೀರೆಗೆ ಎಷ್ಟೋ ಮನೆಗಳಲ್ಲಿ ಇದೇ ಗತಿಯಾಯಿತಲ್ಲವೆ? ಯಾರನ್ನು ಬಯ್ಯೋಣ! ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪಿತವಾದುದು 1964ರಲ್ಲಿ. ‘ಸತಿ ಸುಲೋಚನ’ಕ್ಕೆ ಆಗ ಮೂವತ್ತು ತುಂಬಿತ್ತು.

ಅಂತೂ ಉತ್ಸವದ ಮೊದಲ ಸಾಯಂಕಾಲದ ಮೊದಲ ಸ್ಥಾನವು ಬರಿದಾಗಿ ಉಳಿಯಿತು. ಅದನ್ನು ಬೇರೆ ಚಿತ್ರದಿಂದ ತುಂಬುವುದು ಬೇಡ, ಬರಿದಾಗಿಯೇ ಇಡಿರೆಂದು ನಾವು ಹೇಳಿದೆವು. ತೆರೆಯನ್ನು ಕಟ್ಟಿ, ಅದರ ಮುಂದೆ ಒಂದು ಹಾರ್ಮೋನಿಯಮ್ಮನ್ನು ಇಡಿರಿ. ‘ಸದಾರಮೆ’ಯ ಚಿತ್ರ ಸಿಕ್ಕದಿದ್ದರೂ ನಾಟಕವು ಸಾಯಲಿಲ್ಲ. ಅದರ ಹಾಡುಗಳು ಬಾಯಿಯಿಂದ ಬಾಯಿಗೆ ಬಂದಿವೆ. ವೀರಣ್ಣನವರು ವಹಿಸುತ್ತಿದ್ದ ಕಳ್ಳನ ಪಾತ್ರದ ಸೊಗಸನ್ನು ಕೇಳಿ ಬೆಳೆದವರು ಗುಬ್ಬಿಯ ಸುತ್ತಮುತ್ತ ಇರಬೇಕು. ಅವರನ್ನು ಕುಳ್ಳಿರಿಸಿ ಅರ್ಧ ಗಂಟೆ ಹಾಡಿಸಿರಿ, ಹೇಳಿಸಿರಿ. ಅರ್ಧ ಗಂಟೆಯೆಂದರೆ ಅರ್ಧವೇ. ಮುಖ್ಯಾತಿಥಿಗಳಿಗೆ ಹಾರ ಹಾಕುವ ಕೆಲಸವನ್ನು ಅಲ್ಲಿ ಹೊಗಿಸಕೂಡದು.

ಅದಾದಮೇಲೆ, ಅದೇ ಗುಬ್ಬಿಯಲ್ಲಿ, ‘ಬೇಡರ ಕಣ್ಣಪ್ಪ’. ಇದರಲ್ಲಿ ಎರಡನೆಯ ಮಾತಿಗೆ ಅವಕಾಶವಿಲ್ಲ. 1954ರಲ್ಲಿ ಹೊರಬಂದ ಈ ಚಿತ್ರವು ಗುಬ್ಬಿಯ ಹೆಸರನ್ನೇ ಹೊತ್ತ ಸಂಸ್ಥೆಯದು, ಎಚ್. ಎಲ್. ಎನ್. ಸಿಂಹರು ನಿರ್ದೇಶಿಸಿದುದು. ಮುತ್ತುರಾಜನೆಂಬ ರಂಗನಟನು ರಾಜಕುಮಾರನಾದುದು ಇಲ್ಲಿಯೇ. ಅವರ ತಂದೆ ಪುಟ್ಟಸ್ವಾಮಯ್ಯನವರೂ ಗುಬ್ಬಿಯ ಕಂಪನಿಯಲ್ಲಿ ಪಾತ್ರ ವಹಿಸುತ್ತಿದ್ದವರು. ಇನ್ನು ನರಸಿಂಹರಾಜು ಅವರು ತಿಪಟೂರಿನವರು, ಎಂದರೆ ನಮ್ಮ ಜಿಲ್ಲೆಯವರೇ. ಅವರ ಮೊದಲ ಚಿತ್ರವೂ ಇದೇ. ರಾಷ್ಟ್ರಪ್ರಶಸ್ತಿಗಳು ಆರಂಭವಾದ ಹೊಸದರಲ್ಲಿಯೇ ಇದಕ್ಕೆ ಯೋಗ್ಯತಾಪತ್ರ ದೊರೆಯಿತು.

ಈ ಚಿತ್ರದ ಹೆಸರನ್ನು ನಾವು ಗಟ್ಟಿಯಾಗಿ ಹೇಳಿದುದು ನೆರೆಮನೆಯ ಅಜ್ಜಿಯ ಕಿವಿಗೆ ಬಿದ್ದಿತು. ಎಂಬತ್ತು ದಾಟಿದ ಜೀವ. ಕಿವಿ ಮಾತ್ರ ಚುರುಕು. ಗೋಡೆಯ ಆಚೆಯಿಂದಲೇ, “ಟೆಂಟ್ನಾಗೆ ನೋಡಿದ್ದೆ ಕಣಪ್ಪ. ಮಳ್ಳು ಗುಡ್ಡೆ ಮಾಡ್ಕೊಂಡು ಅದರ ಮ್ಯಾಲೆ ಕುಂತಿದ್ದೋ. ಆ ಕಣ್ಣು ಕೀಳೋ ಹೊತ್ನಾಗೆ ನಮ್ಮವ್ವ ಸೆರಗು ಮುಖಕ್ಕೆ ಹಿಡಕೊಂಡ್ಳು. ನಾನು ಹಿಡಕೊಳ್ಳಲಿಲ್ಲ” ಎಂದಳು. ತೋರಿಸಿದರೆ ಬರುವೆಯಾ ಎಂದು ಕೇಳಿದೆವು. “ಮೆಟ್ಲಿದ್ರೆ ಬರಾಕಾಗಲ್ಲ” ಎಂದಳು. ಕಂಪ್ಯೂಟರಿನ ಹುಡುಗನು, ಗುಬ್ಬಿಯಲ್ಲಿ ಗೊತ್ತುಮಾಡಿದ್ದ ಮಹಡಿಯ ಸಭಾಂಗಣವನ್ನು ಬಿಟ್ಟು ನೆಲದ ಮೇಲಣ ಕಲ್ಯಾಣಮಂಟಪವನ್ನು ವಿಚಾರಿಸುವುದಾಗಿ ಬರೆದುಕೊಂಡನು.

ಶನಿವಾರ ತುಮಕೂರು. ಇಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವೇ ಇರುವುದು. ಉತ್ಸವಕ್ಕೆ ಅದಕ್ಕಿಂತಲೂ ತಕ್ಕ ಸ್ಥಳವನ್ನು ನಾವು ಕಾಣೆವು. ಈ ದಿನದ ಪಟ್ಟಿಯಲ್ಲಿ ನಾವು ಹಟಹಿಡಿದು ಸೇರಿಸಿದುದು ಎರಡು ಚಿತ್ರಗಳನ್ನು. ಅವುಗಳ ಹಿಂದೆ ಇಬ್ಬರು ಹುಡುಗರ ಕಥೆಯಿದೆ. ನಂಜನಗೂಡಿನ ಕಡೆಯ ಒಬ್ಬ ಬಾಲಕನು ಗುಬ್ಬಿ ಕಂಪನಿಯನ್ನು ಸೇರಿ ಅಲ್ಲಿ ಬಣ್ಣದ ಕೆಲಸವನ್ನೂ ಮಾತಿನ ಕೆಲಸವನ್ನೂ ಕಲಿತನು, ಅವರೇ ಜಿ. ವಿ. ಅಯ್ಯರ್. ಬಂಟವಾಳದ ಹತ್ತಿರದ ಮತ್ತೊಬ್ಬ ಬಾಲಕನು ಮನೆಯಿಂದ ಓಡಿಬಂದು ಅದೇ ಕಂಪನಿಯನ್ನು ಸೇರಿದನು, ಅವರು ಬಿ. ವಿ. ಕಾರಂತರು. ಮನೆಬಿಟ್ಟು ಬಂದ ಹುಡುಗನನ್ನು ವೀರಣ್ಣನವರು ದುಡಿಸಿಕೊಂಡು ಸುಮ್ಮನಿರಲಿಲ್ಲ; ಮುಂದೆ ಓದುವುದಕ್ಕೆ ಕಾಶಿಗೆ ಕಳುಹಿಸಿಕೊಟ್ಟರು. ಇಂದು ಎಷ್ಟು ಮಂದಿ ಯಜಮಾನರು ತಮ್ಮಲ್ಲಿ ಚೆನ್ನಾಗಿ ಕೆಲಸಮಾಡುವ ಹುಡುಗನನ್ನು ಓದಲು ಬಿಟ್ಟುಕೊಡುವರೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. 1975ರಲ್ಲಿ ಈ ಇಬ್ಬರೂ ಒಂದೊಂದು ಚಿತ್ರವನ್ನು ಕೊಟ್ಟರು. ಅಯ್ಯರ್ ಅವರದು ತ. ರಾ. ಸು. ಅವರ ಕಾದಂಬರಿಯಿಂದಾದ ‘ಹಂಸಗೀತೆ’. ಕಾರಂತರದು ಶಿವರಾಮ ಕಾರಂತರ ಕಾದಂಬರಿಯಿಂದಾದ ‘ಚೋಮನ ದುಡಿ’. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಇಡೀ ದೇಶದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲವು ‘ಚೋಮನ ದುಡಿ’ಗೆ, ಕನ್ನಡದ ಶ್ರೇಷ್ಠ ಚಿತ್ರವೆಂಬ ಪದಕವು ‘ಹಂಸಗೀತೆ’ಗೆ. ಗುಬ್ಬಿಯ ಒಂದೇ ಚಾವಣಿಯ ಕೆಳಗೆ ಬಣ್ಣ ಹಚ್ಚಿದವರಿಬ್ಬರು!

‘ಹಂಸಗೀತೆ’ಗೆ ಯಾರೂ ಅಡ್ಡಿ ಹೇಳಲಿಲ್ಲ. ನಮ್ಮ ನೆರೆಯ ಚಿತ್ರದುರ್ಗದ ಸೀಮೆಯ ಸಂಗೀತಗಾರನ ಕಥೆ, ಬಾಲಮುರಳೀಕೃಷ್ಣರ ಕಂಠ, ಅದಕ್ಕಾಗಿ ಅವರಿಗೂ ರಾಷ್ಟ್ರಪ್ರಶಸ್ತಿ ಸಂದಿತು. ಮಧ್ಯಾಹ್ನದ ಊಟವಾಗಿ ಎರಡೂವರೆಗೆ ಅದನ್ನು ಇಟ್ಟರೆ ಮನೆಯ ಹೆಂಗಸರು ಪಾತ್ರೆಗಳನ್ನು ತೊಳೆದಿಟ್ಟು ಬರಬಹುದು. ಜಗಳವಾದುದು ‘ಚೋಮನ ದುಡಿ’ಯ ವಿಷಯದಲ್ಲಿ. ಅದನ್ನು ಸಾಯಂಕಾಲದ ಮುಖ್ಯ ವೇಳೆಗೆ, ಆರು ಗಂಟೆಗೆ, ಇಡಬೇಕೆಂದು ನಾವು ಹೇಳಿದೆವು. ಉಪಾಧ್ಯಾಯರಲ್ಲೊಬ್ಬನು ಮೆಲ್ಲನೆ, “ಜನ ಎದ್ದುಹೋಗುತ್ತಾರೆ ಸಾರ್. ಬಹಳ ದುಃಖದ ಚಿತ್ರ. ಹಬ್ಬಕ್ಕೆ ಬಂದವರನ್ನು ಅಳಿಸಿ ಕಳುಹಿಸುವುದೆ?” ಎಂದನು.

ಅವನ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಚೋಮನಿಗೆ ಇರುವುದು ಒಂದೇ ಆಸೆ, ತುಂಡು ನೆಲವನ್ನು ತಾನು ಉತ್ತು ಬೆಳೆಯಬೇಕೆಂಬುದು. ಎತ್ತುಗಳಿವೆ, ನೆಲವಿಲ್ಲ, ಹುಟ್ಟಿದ ಜಾತಿಯ ದೆಸೆಯಿಂದ ಅವನಿಗೆ ನೆಲ ಕೊಡುವವರಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುವರು. ಒಬ್ಬನು ನೀರಿನಲ್ಲಿ ಮುಳುಗುತ್ತಿರುವಾಗ, ದಡದಲ್ಲಿ ನಿಂತವರು ಮುಟ್ಟಿದರೆ ಮೈಲಿಗೆಯೆಂದು ಕೈನೀಡುವುದಿಲ್ಲ. ಉಳಿಯುವುದು ದುಡಿಯ ಶಬ್ದ ಮಾತ್ರ. ಇದನ್ನು ನೋಡಿ ಹೊರಬಂದವರಿಗೆ ಕಡಲೆಕಾಯಿ ರುಚಿಸದು. ಆದರೆ ನಾವು ಅವನಿಗೆ ಹೇಳಿದುದೇನೆಂದರೆ: ಕಣ್ಣಪ್ಪನು ಕಣ್ಣು ಕಿತ್ತುಕೊಂಡುದನ್ನು ಹಿಂದಿನ ಸಾಯಂಕಾಲವೇ ನೋಡಿ ಕೈಮುಗಿದ ಜನರು, ಮರುದಿನ ಚೋಮನನ್ನು ನೋಡಲಾರೆವೆಂದರೆ, ಯಾಕೆ ನೋಡಲಾರರೆಂಬುದನ್ನು ಅವರ ಮನಸ್ಸಿಗೇ ಬಿಡಬೇಕು. ಬೇಡನನ್ನು ಶಿವನು ಒಪ್ಪಿದನು. ಚೋಮನನ್ನು ಒಪ್ಪಬೇಕಾದವರು ದಡದ ಮೇಲೆ ನಿಂತವರು. ಈ ಎರಡು ಚಿತ್ರಗಳೂ ಒಂದರ ಹಿಂದೆ ಒಂದು ಬಂದಾಗಲೇ ಪಟ್ಟಿಗೆ ಅರ್ಥ ಬರುವುದು. ಒಂದನ್ನು ರಾತ್ರಿ ಹತ್ತಕ್ಕೆ ತಳ್ಳಿದರೆ, ಅದನ್ನು ಮತ್ತೊಮ್ಮೆ ಊರಹೊರಗೆ ನಿಲ್ಲಿಸಿದಂತೆಯೇ. ಹುಡುಗನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ನಮ್ಮ ತಂದೆ ಬರುವುದಿಲ್ಲ ಸಾರ್” ಎಂದನು. ಯಾಕೆಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆರು ಗಂಟೆಯ ಮುಂದೆ ‘ಚೋಮನ ದುಡಿ’ ಎಂದು ತನ್ನ ಕೈಯಿಂದಲೇ ಬರೆದನು.

ನಾವು ಪರದೇಶದ ಚಿತ್ರಗಳಿಗೆ ವಿರೋಧಿಗಳೆಂದು ಯಾರೂ ಭಾವಿಸಬಾರದು. ಅವು ಹಳ್ಳಿಯವರಿಗೆ ಅರ್ಥವಾಗುವುದಿಲ್ಲವೆಂಬ ಮಾತನ್ನು ಸುಳ್ಳು ಮಾಡಿದ ಊರು ನಮ್ಮ ನಾಡಿನಲ್ಲಿಯೇ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ಬೆಳೆಯುವವರ ಒಂದು ಸಣ್ಣ ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಎಂಬ ಸಂಸ್ಥೆಯು ಕೆ. ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಸತ್ಯಜಿತ್ ರಾಯರ ಚಿತ್ರಗಳನ್ನೂ ಜಪಾನಿನ ಕುರೊಸಾವಾನ ಚಿತ್ರಗಳನ್ನೂ ತೋಟದಿಂದ ಬಂದ ಜನರಿಗೆ ತೋರಿಸಿತು. ಜನರು ನೋಡಿದರು, ನೋಡಿ ವಾದಿಸಿದರು. ನೋಡುವುದನ್ನೂ ಕಲಿಸಬಹುದೆಂಬ ಎಣಿಕೆಯಿಂದ ಚಿತ್ರರಸಗ್ರಹಣದ ಶಿಬಿರಗಳನ್ನೇ ಅಲ್ಲಿ ನಡೆಸಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡು ಎಲ್ಲಿದೆಯೆಂದು ಪಟ್ಟಣದವರು ಭೂಪಟದಲ್ಲಿ ಹುಡುಕಬೇಕಾಯಿತು. ಒಂಬತ್ತರಲ್ಲಿ ಒಂದನ್ನು ಇಟ್ಟುಕೊಳ್ಳಿರಿ, ಆದರೆ ಅದಕ್ಕೆ ಮೊದಲು ಒಬ್ಬರು ಎದ್ದುನಿಂತು ಕಥೆಯ ಎಳೆಯನ್ನು ಐದು ನಿಮಿಷ ಕನ್ನಡದಲ್ಲಿ ಹೇಳಿಬಿಡಿರೆಂದು ತರುಣರಿಗೆ ತಿಳಿಸಿದೆವು. ಅವರು ಆರಿಸಿದುದು 1948ರ ಇಟಲಿಯ ‘ಬೈಸಿಕಲ್ ಥೀವ್ಸ್’. ಕೆಲಸಕ್ಕೆ ಬೇಕಾದ ಸೈಕಲ್ಲನ್ನು ಕಳೆದುಕೊಂಡ ತಂದೆಯೂ ಅವನ ಬೆನ್ನುಹಿಡಿದ ಮಗನೂ ರೋಮ್ ನಗರದ ಬೀದಿಗಳಲ್ಲಿ ಅಲೆಯುವ ಕಥೆಗೆ, ಎಲ್ಲಿಯಾದರೂ, ಯಾವ ವ್ಯಾಖ್ಯಾನ ಬೇಕು? ಅದು ಶನಿವಾರ ರಾತ್ರಿ ಒಂಬತ್ತಕ್ಕೆ, ನಿದ್ದೆಗೆಡಬಲ್ಲವರಿಗೆ. ಮಕ್ಕಳಿಗಾಗಿ ಅದೇ ದಿನ ಬೆಳಿಗ್ಗೆ ಚಾಪ್ಲಿನ್ನನ 1921ರ ‘ದಿ ಕಿಡ್’. ಮಾತೇ ಇಲ್ಲದ ಚಿತ್ರಕ್ಕೆ ಭಾಷೆಯ ಗೋಜಿಲ್ಲ. ಒಂದು ಗಂಟೆಯಲ್ಲಿ ಮುಗಿಯುವುದರಿಂದ ಮಕ್ಕಳೂ ಚಡಪಡಿಸುವುದಿಲ್ಲ.

ಭಾನುವಾರದ ಕುಣಿಗಲಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಆ ಊರಿನ ಹೆಸರು ಕೆರೆಗೂ ಕುದುರೆಗಳಿಗೂ ಪ್ರಸಿದ್ಧವಾದುದು. ಮಂಡ್ಯ ಜಿಲ್ಲೆ ಅದರ ಮಗ್ಗುಲಿಗೇ ಇದೆ. ಜನರ ಮಾತೂ ಅತ್ತಲೇ ವಾಲಿದುದು. ಆದುದರಿಂದ ಮಂಡ್ಯದ ನೊದೆಕೊಪ್ಪಲಿನಲ್ಲಿ ತೆಗೆದ ‘ತಿಥಿ’ಯನ್ನು ಅಲ್ಲಿಗೇ ಇಟ್ಟೆವು. ರಾಮ್ ರೆಡ್ಡಿಯವರ ಈ ಚಿತ್ರವು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ನಟರೆಲ್ಲರೂ ಆ ಸೀಮೆಯ ಹಳ್ಳಿಗರೇ, ಹಿಂದೆ ಬಣ್ಣ ಹಚ್ಚಿದವರಲ್ಲ. ನೂರೊಂದು ವರ್ಷದ ಸೆಂಚುರಿಗೌಡನು ಸತ್ತುಬಿದ್ದ ಮೇಲೆ ಹನ್ನೊಂದು ದಿನಗಳಲ್ಲಿ ಮಗ, ಮೊಮ್ಮಗ, ಮರಿಮಗನ ಬಣ್ಣಗಳು ಬಯಲಾಗುವ ಕಥೆ. ಮನೆಯೊಳಗೆ ಆಡಬಾರದ ಬಯ್ಗುಳಗಳು ಅದರಲ್ಲಿವೆ. ಇದನ್ನು ಮೊದಲೇ ತಿಳಿಸುವುದು ನಮ್ಮ ಧರ್ಮ. ನಮ್ಮ ಮನೆಯಾಕೆಯ ಅಭಿಪ್ರಾಯವಾದರೋ ಬೇರೆ: “ಆಸ್ತಿ ಪಾಲಿನ ದಿವಸ ನಿಮ್ಮ ಚಿಕ್ಕಪ್ಪ ಆಡಿದ್ದಕ್ಕಿಂತ ಅದರಲ್ಲಿ ಏನೂ ಹೆಚ್ಚಿಲ್ಲ.” ಅದಕ್ಕೆ ಮೊದಲು, ಮುನ್ನುಡಿಯಂತೆ, ಮೈಸೂರಿನವರಾದ ಚಿದಾನಂದ ನಾಯ್ಕರು ಪುಣೆಯ ಚಿತ್ರಶಾಲೆಯಲ್ಲಿ ಮಾಡಿದ ಹದಿನಾರು ನಿಮಿಷಗಳ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದುದರಿಂದ ಹೊತ್ತೇ ಹುಟ್ಟದೆ ಹೋದ ಜನಪದ ಕಥೆಯದು. 2024ರಲ್ಲಿ ಫ್ರಾನ್ಸಿನ ಕಾನ್ ಉತ್ಸವದ ವಿದ್ಯಾರ್ಥಿಚಿತ್ರಗಳ ವಿಭಾಗದಲ್ಲಿ ಅದಕ್ಕೆ ಪ್ರಥಮ ಬಹುಮಾನ. ನಮ್ಮ ಅಜ್ಜಿಯರು ಹೇಳಿದ ಕಥೆಗೆ ಫ್ರಾನ್ಸಿನಲ್ಲಿ ಬಹುಮಾನ ಬರುವುದಾದರೆ ಕುಣಿಗಲಿನ ಮೊಮ್ಮಕ್ಕಳೂ ಅದನ್ನು ನೋಡಲಿ.

ಇಲ್ಲಿಗೆ ಏಳು ಚಿತ್ರಗಳಾದುವು. ಪಟ್ಟಿ ಹನ್ನೊಂದರಿಂದ ಏಳಕ್ಕೆ ಇಳಿದುದು ತರುಣರಿಗೆ ಮೊದಲು ಅವಮಾನವಾದಂತೆ ಕಂಡಿತು. ಲೆಕ್ಕ ಹಾಕಿ ನೋಡಿದ ಮೇಲೆ ಮುಖ ಅರಳಿತು, ಏಕೆಂದರೆ ಖರ್ಚೂ ಇಳಿದಿತ್ತು. ಮನೆಯಲ್ಲಿ ನೋಡಲು ಕೊಂಡ ತಟ್ಟೆಯನ್ನೋ ಫೋನಿನಲ್ಲಿ ಇಳಿಸಿಕೊಂಡ ಪ್ರತಿಯನ್ನೋ ಸಾರ್ವಜನಿಕರಿಗೆ ತೋರಿಸಲು ಹಕ್ಕಿಲ್ಲ. ಪ್ರತಿಯೊಂದು ಚಿತ್ರದ ಹಕ್ಕುದಾರರಿಗೂ ಬರೆದು, ಅವರು ಕೇಳಿದುದನ್ನು ಕೊಟ್ಟು, ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯಬೇಕು. ಹಳೆಯ ಚಿತ್ರಗಳಲ್ಲಿ ಹಕ್ಕುದಾರರು ಯಾರೆಂಬುದನ್ನು ಪತ್ತೆಮಾಡುವುದೇ ಆರು ತಿಂಗಳ ಕೆಲಸ. ಪುಣೆಯ ಸಂಗ್ರಹಾಲಯವು 2022ರಲ್ಲಿ ಚಲನಚಿತ್ರ ಅಭಿವೃದ್ಧಿ ನಿಗಮದೊಡನೆ ಕೂಡಿಹೋಗಿರುವುದರಿಂದ ಈಗ ಪತ್ರ ಬರೆಯಬೇಕಾದುದು ಆ ನಿಗಮಕ್ಕೆ. ಉಳಿದಿರುವ ಚಿತ್ರಕ್ಕಾದರೆ ಉಪಾಯವುಂಟು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಮೂಲ ಸುರುಳಿಯನ್ನು ಕಾಪಾಡಿದ್ದುದರಿಂದಲೇ ಅದನ್ನು ಹೊಸದರಂತೆ ತೊಳೆದು ತಿದ್ದಿ, 2024ರಲ್ಲಿ ವೆನಿಸ್ ನಗರದ ಉತ್ಸವದಲ್ಲಿ ತೋರಿಸಲು ಸಾಧ್ಯವಾಯಿತು. ಅದನ್ನೂ ಪಟ್ಟಿಗೆ ಸೇರಿಸಬೇಕೆಂಬ ಆಸೆ ನಮಗಿತ್ತು. ಮುಂದಿನ ವರ್ಷಕ್ಕಿರಲೆಂದು ತರುಣರೇ ತಡೆದರು. ಅವರಿಗೆ ಈಗ ಅನುಕ್ರಮದ ರುಚಿ ಹತ್ತಿತ್ತು.

ಈ ಅಂಕಣವನ್ನು ಬರೆಯುತ್ತಿರುವ ದಿನದವರೆಗೆ ನಾಲ್ಕು ಚಿತ್ರಗಳಿಗೆ ಒಪ್ಪಿಗೆ ಬಂದಿದೆ, ಮೂರಕ್ಕೆ ಬರಬೇಕಾಗಿದೆ. ಗುಬ್ಬಿಯ ನೆಲಮಹಡಿಯ ಮಂಟಪ ದೊರೆತಿದೆಯೆಂದೂ, ಆದರೆ ಮದುವೆಯ ಲಗ್ನಗಳಿಲ್ಲದ ಶುಕ್ರವಾರವನ್ನೇ ನೋಡಿಕೊಳ್ಳಬೇಕೆಂದು ಅದರ ಯಜಮಾನರು ಹೇಳಿರುವರೆಂದೂ ಕಾಗದ ಬಂದಿದೆ. ತಾರೀಖು ನಿಶ್ಚಯವಾದೊಡನೆ ಇಲ್ಲಿಯೇ ಪ್ರಕಟಿಸುವೆವು.

ಅಷ್ಟರೊಳಗೆ ವಾಚಕರಿಂದ ಒಂದು ಸಹಾಯ ಬೇಕಾಗಿದೆ. ಹಿಂದಿನ ಕಾಲದಲ್ಲಿ ಚಿತ್ರಮಂದಿರದ ಬಾಗಿಲಲ್ಲಿ ಚಿತ್ರದ ಕ��ಾಸಾರವೂ ಹಾಡುಗಳೂ ಅಚ್ಚಾದ ಸಣ್ಣ ಪುಸ್ತಕಗಳನ್ನು ಮಾರುತ್ತಿದ್ದರು. ಅಂತಹವುಗಳು ಅಟ್ಟದ ಮೇಲೆಯೋ, ಹಳೆಯ ಪೆಟ್ಟಿಗೆಯ ತಳದಲ್ಲಿ ಹಾಸಿದ ಕಾಗದದ ಅಡಿಯಲ್ಲಿಯೋ ಇದ್ದರೆ, ರದ್ದಿಯವನು ಬರುವ ಮುನ್ನ ಒಮ್ಮೆ ನೋಡಿರಿ. ‘ಸದಾರಮೆ’ಯದಾದರೆ ತಾರು ಕೊಡುವಷ್ಟು ಅವಸರದಿಂದ ತಿಳಿಸಿರಿ. ತಗಡಿನ ಡಬ್ಬಿಯಲ್ಲಿ ಸುತ್ತಿಟ್ಟ ಸುರುಳಿಯೇನಾದರೂ ಕಂಡರೆ, ಹುಳಿ ವಾಸನೆ ಬಂದಿತೆಂದು ಎಸೆಯಬೇಡಿರಿ. ಒಲೆಯ ಹತ್ತಿರವಾಗಲಿ ದೇವರ ದೀಪದ ಹತ್ತಿರವಾಗಲಿ ತೆರೆಯಲೂ ಬೇಡಿರಿ. ತಂಪಾದ ಕೋಣೆಯಲ್ಲಿಟ್ಟು ನಮಗೊಂದು ಕಾಗದ ಬರೆದರೆ, ನಾಲ್ವರಲ್ಲಿ ಒಬ್ಬರು ಬಂದು ನೋಡುವರು. ಶುಕ್ರವಾರ ಸಾಯಂಕಾಲದ ಆ ಮೊದಲ ಸ್ಥಾನವನ್ನು ಇನ್ನೂ ಬರಿದಾಗಿಯೇ ಬಿಟ್ಟಿದ್ದೇವೆ.